ಮುಂಗಡ ಸ್ತೋತ್ರ

ಅಕ್ಟೋಬರ್ 5, 2017, ಗುರುವಾರ

ಆಸ್ಪತ್ರೆಯ ಸಮಾಲೋಚಕಿ ಇವತ್ತು ನನ್ನ ಕೈ ಹಿಡಿದುಕೊಂಡು, ಮನಸ್ಸಿನಲ್ಲಿರುವುದನ್ನೆಲ್ಲ ಬರೆದಿಡಿ, ಹಗುರವಾಗುತ್ತದೆ ಎಂದಳು. ಗಡ್ಡೆ ಇರುವುದು ಗಂಡನ ತಲೆಯಲ್ಲಿ, ಹಗುರವಾಗಬೇಕಾದದ್ದು ಹೆಂಡತಿಯ ಮನಸ್ಸಂತೆ. ಆದರೂ ಬರೆಯಲು ಕುಳಿತಿದ್ದೇನೆ. ಉಡುಪಿಯ ಮಿಷನ್ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು ನಾನು. ಈ ದೇಶಕ್ಕೆ ಬಂದ ಮೇಲೆ ಕನ್ನಡದಲ್ಲಿ ಬರೆದದ್ದೆಂದರೆ ಮಸಾಲೆ ಡಬ್ಬಿಗಳ ಮೇಲಿನ ಚೀಟಿ ಮಾತ್ರ.

ಸಂಗತಿ ಇಷ್ಟು. ಕಳೆದ ತಿಂಗಳು ನನ್ನ ಯಜಮಾನರು ವಿನ್ಸೆಂಟ್, ರೆಂಟನ್ ಊರಿನ ವಿಮಾನ ಕಾರ್ಖಾನೆಯಲ್ಲಿ, ಕೆಲಸದ ಮಧ್ಯೆಯೇ, ಫಿಟ್ಸ್ ಬಂದು ಬಿದ್ದರು. ಸ್ಕ್ಯಾನ್ ಮಾಡಿದರೆ ಮಿದುಳಿನಲ್ಲಿ ಗಡ್ಡೆ. ತೆಗೆಯಲು ಆಗುವಷ್ಟನ್ನು ತೆಗೆದಿದ್ದಾರೆ. ಉಳಿದದ್ದಕ್ಕೆ ಆರು ವಾರ ರೇಡಿಯೇಶನ್, ಶನಿವಾರ ಭಾನುವಾರ ಬಿಟ್ಟು ದಿನಾಲೂ. ಆಮೇಲೆ ಜನವರಿಯಲ್ಲಿ ಪುನಃ ಸ್ಕ್ಯಾನ್. ಗಡ್ಡೆ ತೆಪ್ಪಗಿದೆಯೋ ಬೆಳೆಯುತ್ತಿದೆಯೋ ಎಂಬುದು ಆಗ ತಿಳಿಯುತ್ತದೆ. ಬೆಳೆದಿದ್ದರೆ ಏನು ಗತಿ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫಿಟ್ಸ್ ಬಂದವರು ಆರು ತಿಂಗಳು ಕಾರು ಓಡಿಸುವ ಹಾಗಿಲ್ಲ. ಇವರಿಗೆ ತರಕಾರಿ ಬೆಳೆಯುವ ಹುಚ್ಚು, ಅದಕ್ಕಾಗಿ ನಾವು ಮನೆ ಮಾಡಿದ್ದು ಡುವಾಲ್‌ನಲ್ಲಿ, ಹೊಲಗದ್ದೆಗಳ ಪಕ್ಕ. ಆಸ್ಪತ್ರೆ ಇರುವುದು ಸಿಯಾಟಲ್‌ನಲ್ಲಿ, ಸರೋವರದ ಆಚೆ ದಡದಲ್ಲಿ. ನಡುವೆ ತೇಲುವ ಸೇತುವೆ. ಅದಕ್ಕೆ ಕೆಳಗೆ ಕಂಬಗಳಿಲ್ಲ. ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳನ್ನು ನೀರಿನ ಮೇಲೆ ಸಾಲಾಗಿ ಬಿಟ್ಟು, ಅದರ ಮೇಲೆ ರಸ್ತೆ ಹಾಸಿದ್ದಾರೆ. ಕಾಂಕ್ರೀಟು ತೇಲುತ್ತದೆ ಎಂದು ನಂಬುವವರಿಗೆ ಬೇರೆ ಧರ್ಮವೇ ಬೇಡ. ನನ್ನ ಬಳಿ ಲೈಸೆನ್ಸ್ ಉಂಟು, ಆದರೆ ಅದರ ಬಲದಿಂದ ನಾನು ಊರಿನ ದಿನಸಿ ಅಂಗಡಿಯನ್ನು ದಾಟಿ ಹೋದದ್ದಿಲ್ಲ.

ಅಕ್ಟೋಬರ್ 8, ಭಾನುವಾರ

ಟೋಟೆಮ್ ಲೇಕ್‌ನ ಕೂಟಕ್ಕೆ ಫ್ಲಾವಿಯಾಕ್ಕನ ಯಜಮಾನರೇ ಬಂದು ನಮ್ಮನ್ನು ಕರೆದುಕೊಂಡು ಹೋದರು. ತಿಂಗಳಿಗೆ ಎರಡು ಸಲ ಅವರ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳು ಸೇರುತ್ತವೆ. ಕನ್ನಡದಲ್ಲಿ ಹಾಡಿ, ಪ್ರಾರ್ಥಿಸಿ, ಹೊಟ್ಟೆ ತುಂಬ ಉಂಡು ಬರುವುದು ರೂಢಿ. ಫ್ಲಾವಿಯಾಕ್ಕ ಇದರ ಸ್ಥಾಪಕಿ, ಅಧ್ಯಕ್ಷೆ, ಮೈಕು. ಅವರ ವಿಶ್ವಾಸಕ್ಕೆ ಬೆಟ್ಟವೂ ಜರುಗುತ್ತದೆ. ಜರುಗದಿದ್ದರೆ ತಪ್ಪು ಬೆಟ್ಟದ್ದು.

ಪ್ರಾರ್ಥನೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಕೋರಿಕೆ ಹೇಳಬೇಕು. ಇವರ ಕಾಯಿಲೆ ಎಲ್ಲರಿಗೂ ಗೊತ್ತಿತ್ತು. ಬೇರೆ ಏನಾದರೂ ಉಂಟೋ ಎಂದು ನನ್ನನ್ನು ಕೇಳಿದರು. ಸೇತುವೆಯ ಹೆದರಿಕೆ ಎನ್ನಲು ನಾಚಿಕೆಯಾಯಿತು. ಪ್ರಯಾಣಕ್ಕಾಗಿ ಪ್ರಾರ್ಥಿಸಿ ಎಂದೆ. ನಮ್ಮವರ ಮಟ್ಟಿಗೆ ಪ್ರಯಾಣವೆಂದರೆ ಊರಿಗೆ ಹೋಗುವುದೊಂದೇ. ವಿಮಾನ ಕ್ಷೇಮವಾಗಿ ಇಳಿಯಲಿ ಎಂದು ಎಲ್ಲರೂ ಕಣ್ಣು ಮುಚ್ಚಿ ಬೇಡಿಕೊಂಡರು. ಊಟದ ಹೊತ್ತಿಗೆ ಇಬ್ಬರು ಬಂದು, ಬರುವಾಗ ಸೂಟ್‌ಕೇಸಿನಲ್ಲಿ ಕೋರಿರೊಟ್ಟಿಯ ಪೊಟ್ಟಣಕ್ಕೆ ಜಾಗ ಇರುತ್ತದೆಯೇ ಎಂದು ವಿಚಾರಿಸಿದರು. ನೋಡೋಣ ಎಂದೆ.

ಅಕ್ಟೋಬರ್ 16, ಸೋಮವಾರ

ಮೊದಲ ದಿನ. ಸೇತುವೆ ಹತ್ತಲಿಲ್ಲ. ಸರೋವರದ ಉತ್ತರದ ತುದಿಯನ್ನು ಸುತ್ತಿಕೊಂಡು, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿಕೊಂಡು ಹೋದೆ. ಬರುವಾಗ ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಬೇಕಾಯಿತು, ಇವರಿಗೆ ವಾಂತಿ. ಮನೆ ಮುಟ್ಟುವಷ್ಟರಲ್ಲಿ ಇವರ ಮುಖ ಬಿಳಿಚಿ ಹೋಗಿತ್ತು. "ಸೇತುವೆಯಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಮಲಗಿ ಆಗ್ತಿತ್ತು ಮಾರಾಯ್ತಿ," ಎಂದು ಮಾತ್ರ ಹೇಳಿದರು, ಬೈಯುವ ದನಿಯಲ್ಲಲ್ಲ. ಬೈದಿದ್ದರೆ ವಾಸಿಯಿತ್ತು.

ಟೆಕ್ಸಸ್‌ನಿಂದ ಮಗ ಜೇಸನ್ ಫೋನ್ ಮಾಡಿ "ಮಾಮ್, ಜಸ್ಟ್ ಟೇಕ್ ಆನ್ ಊಬರ್" ಎಂದ. ಡುವಾಲ್‌ಗೆ ಬೆಳಿಗ್ಗೆ ಬರಲು ಒಪ್ಪಿದ ಒಬ್ಬನೇ ಒಬ್ಬ ಚಾಲಕನೂ ದಾರಿ ನೋಡಿ ರದ್ದು ಮಾಡಿದ್ದನ್ನು ಅವನಿಗೆ ಹೇಳಲಿಲ್ಲ. ಫ್ಲಾವಿಯಾಕ್ಕನಿಂದ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರ, ಅದರ ಮೇಲೊಂದು ಬೈಬಲ್ ವಾಕ್ಯ. ದೇವರ ವಾಕ್ಯ ಒಳ್ಳೆಯದೇ. ಆದರೆ ಅದಕ್ಕೆ ಲೈಸೆನ್ಸ್ ಇಲ್ಲ.

ಅಕ್ಟೋಬರ್ 18, ಬುಧವಾರ

ಪಕ್ಕದ ಮನೆಯ ಅಲಮೇಲು ನಿನ್ನೆ ಪುಳಿಯೋಗರೆ ಕೊಡಲು ಬಂದವರು ವಿಷಯ ಕೇಳಿ, ಇವತ್ತು ತಾವೇ ಚಪ್ಪಲಿ ಮೆಟ್ಟಿಕೊಂಡು ಬಂದು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು. ಮೈಸೂರಿನವರು, ಗಂಡ ರೆಡ್ಮಂಡಿನಲ್ಲಿ ಸಾಫ್ಟ್‌ವೇರು. ನಮ್ಮ ಇವರನ್ನು ಹಿಂದಿನ ಸೀಟಿಗೆ ಕಳಿಸಿದೆವು.

ಅಲಮೇಲು ಕೊಟ್ಟ ಉಪದೇಶ ಒಂದೇ. "ಹಿಲ್ಡಾ ಅವ್ರೇ, ನೀವು ನೀರು ನೋಡ್ಬೇಡಿ. ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡ್ಕೊಂಡು ಒಂದೇ ಲೇನಲ್ಲಿ ಹೋಗ್ತಾ ಇರಿ. ಯಾರು ಹಾರ್ನ್ ಹೊಡೆದ್ರೂ ಅವ್ರ ಕರ್ಮ."

ರೆಡ್ಮಂಡ್ ದಾಟಿ ಸೇತುವೆ ಹತ್ತಿದ ಕೂಡಲೇ ಅವರು ಗೋವಿಂದಾ ಗೋವಿಂದಾ ಎಂದು ಶುರುಮಾಡಿದರು. ನಾನು ಯೇಸುವೇ ಎಂದೆ. ಹಿಂದಿನಿಂದ ಇವರು, ಇಬ್ಬರೂ ಒಟ್ಟಿಗೆ ಕರೆದರೆ ಯಾರು ಮೊದಲು ಬರುವುದೆಂದು ಅವರಿಗೇ ಗೊಂದಲ ಆಗ್ತದೆ ಎಂದರು. ತಿಂಗಳಾದ ಮೇಲೆ ಇವರು ಮಾಡಿದ ಮೊದಲ ತಮಾಷೆ. ನಗು ಬಂದು ಬ್ರೇಕ್ ಒತ್ತಿದೆ, ಹಿಂದಿನವನು ಹಾರ್ನ್ ಹೊಡೆದ. ಅವನ ಕರ್ಮ.

ದಾಟಿದ್ದು ನಾನಲ್ಲ, ಅಲಮೇಲುವಿನ ಬಾಯಿ. ನಾಳೆಯಿಂದ ಅವರಿಗೆ ಬರಲಾಗುವುದಿಲ್ಲ.

ಅಕ್ಟೋಬರ್ 19, ಗುರುವಾರ

ದಾಟಿದೆ. ಈ ಸಲ ಬಾಯಿಯೂ ನನ್ನದೇ.

ನವೆಂಬರ್ 3, ಶುಕ್ರವಾರ

ನಮ್ಮಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಯನ್ನು ಮನೆಯ ಯಜಮಾನ ಮಾಡುವುದು, ಹೆಂಡತಿ ಆಮೆನ್ ಹೇಳುವುದು. ಮದುವೆಯಾದಂದಿನಿಂದ ನನ್ನ ಪಾಲಿಗೆ ಬಂದಿರುವುದು ಆ ಒಂದೇ ಪದ. ಇವರ ಪ್ರಾರ್ಥನೆಯೂ ಅಂದಿನಿಂದ ಇಂದಿನವರೆಗೆ ಒಂದೇ. ಮೊದಲು ದೇವರಿಗೆ ಕೃತಜ್ಞತೆಯ ಸ್ತೋತ್ರ, ಆಮೇಲೆ ಊರಿನವರು, ಆಮೇಲೆ ಜೇಸನ್, ಕೊನೆಗೆ ಅನ್ನ. ನಾನು ಒಳಗೊಳಗೇ ನಾಳೆಯ ಸಾರಿಗೆ ಏನೆಂದು ಯೋಚಿಸುತ್ತಿದ್ದೆ, ದೇವರೂ ಹಾಗೇ ಏನೋ ಯೋಚಿಸುತ್ತಿದ್ದಿರಬೇಕು.

ಇವತ್ತು ಕೊನೆಯಲ್ಲಿ ಇವರ ಮಾತು ನಿಂತುಬಿಟ್ಟಿತು. "ನೀನು ಕೊಟ್ಟ ಆ... ಆ... ತಟ್ಟೆಯಲ್ಲಿ ಇರ್ತದಲ್ಲ..." ಎಂದು ತಡಕಾಡಿದರು. ಚಿಕಿತ್ಸೆಯಿಂದ ಪದಗಳು ಜಾರಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಜಾರಿದ್ದು ಅನ್ನ. ನಾನು ಕಣ್ಣು ತೆರೆದು ನೋಡಿದೆ; ಇವರು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು, ಯಾರೋ ಹೇಳಿಕೊಡುತ್ತಾರೆ ಎಂಬಂತೆ. ಅನ್ನ ಎಂದೆ. ಅನ್ನಕ್ಕಾಗಿ ಸ್ತೋತ್ರ ಎಂದು ಮುಗಿಸಿದರು. ಆಮೆನ್ ಹೇಳುವುದು ನನಗೇ ಮರೆತುಹೋಯಿತು.

ನವೆಂಬರ್ 9, ಗುರುವಾರ

ಸೇತುವೆಯ ಮೇಲೆ ನಾನು ಮಾಡುವುದಕ್ಕೆ ಪ್ರಾರ್ಥನೆ ಎನ್ನಲಾಗದು. ಕಣ್ಣು ಮುಚ್ಚುವಂತಿಲ್ಲ, ಕೈ ಜೋಡಿಸುವಂತಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ನಂಬರ್ ಪ್ಲೇಟಿನ ಮೇಲೆ, ಬಾಯಿಗೆ ಬಂದದ್ದು ಮಾತು. ಮೊದಲ ವಾರ ಚೌಕಾಶಿ: ಇವರನ್ನು ಉಳಿಸಿಕೊಡು, ಕೂಟವನ್ನು ಎಂದೂ ತಪ್ಪಿಸುವುದಿಲ್ಲ. ಕೂಟಕ್ಕೆ ನಾನು ಬಂದರೆಷ್ಟು ಬಿಟ್ಟರೆಷ್ಟು ಎಂದು ನನಗೇ ಅನಿಸಿ ಅದನ್ನು ಬಿಟ್ಟೆ. ಆಮೇಲೆ ಜಗಳ. ಈಗ ಜಗಳವೂ ಹಳಸಿದೆ. ಇವತ್ತು ಗಾಳಿಗೆ ಅಲೆ ಎದ್ದು ಗಾಜಿಗೆ ಹನಿ ರಾಚುತ್ತಿದ್ದಾಗ, ನೋಡು, ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ, ಬೆಳಿಗ್ಗೆ ಎರಡು ದೋಸೆ ತಿಂದರು ಎಂದು ಸುಮ್ಮನೆ ವರದಿ ಒಪ್ಪಿಸಿದೆ. ಒಳಗೊಳಗೇ ಹೇಳಿದ್ದೆ ಎಂದುಕೊಂಡಿದ್ದೆ. ಎರಡಲ್ಲ, ಎರಡೂವರೆ ಎಂದರು ಪಕ್ಕದಿಂದ ಇವರು.

ನವೆಂಬರ್ 21, ಮಂಗಳವಾರ

ಎಂಥ ದಿನ! ಕಣಿವೆಯಲ್ಲಿ ನದಿ ಉಕ್ಕಿ, ಡುವಾಲ್‌ನಿಂದ ಪಶ್ಚಿಮಕ್ಕೆ ಹೋಗುವ ರಸ್ತೆ ಮುಚ್ಚಿತ್ತು. ಇವರು ಇವತ್ತೊಂದು ದಿನ ಬಿಡುವ ಎಂದರು. ಬಿಡುವುದು ಹೇಗೆ? ಉತ್ತರಕ್ಕೆ ಮನ್ರೋವರೆಗೆ ಹೋಗಿ, ಅಲ್ಲಿಂದ ಹೆದ್ದಾರಿ ಹಿಡಿದು, ಸರೋವರ ಸುತ್ತಿ ಹೋದೆವು. ಆ ದಾರಿ ಮುಗಿಯುವುದೇ ಇಲ್ಲ, ಹೆಜ್ಜೆಗೊಂದು ಸಿಗ್ನಲ್. ಸೇತುವೆಯಿರುವಾಗ ಯಾವ ಪುಣ್ಯಾತ್ಮ ಈ ದಾರಿಯಲ್ಲಿ ಹೋಗುತ್ತಾನೋ ಕಾಣೆ. ಇವರು ನನ್ನನ್ನು ನೋಡಿ ನಕ್ಕರು, ಯಾಕೆಂದು ಹೇಳಲಿಲ್ಲ.

ಸೇತುವೆ ಇಲ್ಲದ್ದರಿಂದ ವರದಿಯೂ ಬಾಕಿ ಉಳಿಯಿತು. ದಿನವಿಡೀ ಏನೋ ಮರೆತು ಬಂದಂತೆ ಇತ್ತು.

ಡಿಸೆಂಬರ್ 10, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ಇವತ್ತಿನ ಕೂಟದಲ್ಲಿ ಫ್ಲಾವಿಯಾಕ್ಕ ಮೈಕ್ ಹಿಡಿದು, ಜನವರಿ ಒಂಬತ್ತಕ್ಕೆ ವಿನ್ಸೆಂಟ್‌ಗೆ ಸ್ಕ್ಯಾನ್, ಹದಿಮೂರಕ್ಕೆ ಶನಿವಾರ ಇದೇ ಹಾಲ್‌ನಲ್ಲಿ ಅವರ ಗುಣಕ್ಕಾಗಿ ಕೃತಜ್ಞತಾ ಕೂಟ ಎಂದು ಘೋಷಿಸಿದರು. ಹಾಲ್ ಬುಕ್ ಮಾಡಿ ಆಗಿದೆ. ಕೋಳಿ ಸುಕ್ಕ ಯಾರು, ನೀರುದೋಸೆ ಯಾರು ಎಂದು ಕೈ ಎತ್ತಿಸಿಯೂ ಆಗಿದೆ. ಸಾಕ್ಷಿ ಹೇಳುವವಳು ನಾನಂತೆ. ಸಾಕ್ಷಿ ಎಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ನಿಂತು ಹೇಳುವುದು. ಮಾಡಿದ ಮೇಲೆ ಹೇಳುವುದು. ಇದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕಥೆ.

ಊಟದ ಹೊತ್ತಿಗೆ ಮೂಲೆಗೆ ಕರೆದು, ರಿಸಲ್ಟ್ ಬರದೆ ಇದೆಲ್ಲ ಯಾಕೆ ಅಕ್ಕ ಎಂದು ಕೇಳಿದೆ.

"ಸ್ಕ್ಯಾನ್ ಕ್ಲೀನ್ ಬರ್ತದೆ ಹಿಲ್ಡಾ. ನನಗೆ ಕರ್ತ ಯೇಸು ತೋರಿಸಿದ್ದಾರೆ. ನೀನು ಸಂಶಯಪಟ್ರೆ ಅದೇ ಅಡ್ಡಿ ಆಗ್ತದೆ."

ಅಂದರೆ ಗುಣವಾದರೆ ಅವರ ವಿಶ್ವಾಸ, ಆಗದಿದ್ದರೆ ನನ್ನ ಸಂಶಯ. ಇಂಥ ಲಾಭದ ವ್ಯಾಪಾರ ಊರಿನಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಅಪ್ಪನಿಗೂ ತಿಳಿದಿರಲಿಲ್ಲ. ರದ್ದು ಮಾಡಿಸಿ ಎಂದು ಇವರಿಗೆ ಹೇಳಿದರೆ, ಇವರು ನೀರುದೋಸೆ ತಿಂದು ತುಂಬ ಸಮಯ ಆಯ್ತು ಎಂದರು.

ಡಿಸೆಂಬರ್ 24, ಭಾನುವಾರ

ಪ್ರಾರ್ಥನೆಯಲ್ಲಿ ಇವರಿಗೆ ಜೇಸನ್ ಎಂಬ ಹೆಸರೇ ಸಿಗಲಿಲ್ಲ. ಜೇಸನ್ ಎದುರಿಗೇ ಕುಳಿತಿದ್ದ, ಹಬ್ಬಕ್ಕೆಂದು ಬಂದವನು. ಅವನ ಮುಖ ನೋಡಲಾಗಲಿಲ್ಲ. ನಾನು ಇವರ ಕೈ ಹಿಡಿದುಕೊಂಡು ಅಲ್ಲಿಂದ ಕೊನೆಯವರೆಗೆ ಹೇಳಿಬಿಟ್ಟೆ. ಯಾರಾದರೂ ಮುಗಿಸಲೇಬೇಕಿತ್ತು, ಮೀನು ಒಲೆಯ ಮೇಲಿತ್ತು. ಆಮೆನ್ ಹೇಳಿದ್ದು ಇವರು.

ಜನವರಿ 9, 2018, ಮಂಗಳವಾರ

ಸ್ಕ್ಯಾನ್ ಆಯಿತು. ಫಲಿತಾಂಶ ಗುರುವಾರ.

ಜನವರಿ 11, ಗುರುವಾರ

ಬೆಳೆದಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪರದೆಯ ಮೇಲೆ ಬಿಳಿಯ ಮಚ್ಚೆ ತೋರಿಸಿ, ಹಿಂದಿನದರ ಪಕ್ಕದಲ್ಲಿಟ್ಟು, ಮುಚ್ಚುಮರೆಯಿಲ್ಲದೆ ಹೇಳಿದಳು. ಮುಂದಿನ ವಾರದಿಂದ ಬೇರೆ ಔಷಧಿ, ಮಾರ್ಚ್ ಎಂಟಕ್ಕೆ ಇನ್ನೊಂದು ಸ್ಕ್ಯಾನ್. ಇವರು ಇಂಗ್ಲಿಷಿನಲ್ಲಿ ಏನೋ ಕೇಳಲು ಹೊರಟರು. ಹೌ ಮಚ್, ಹೌ ಮಚ್ ಎಂದು ಅಲ್ಲೇ ನಿಂತರು. ಮುಂದಿನ ಪದ ಸಿಗಲಿಲ್ಲ. ನನ್ನ ಕಡೆ ತಿರುಗಿದರು. ಪದ ಯಾವುದೆಂದು ನನಗೆ ಗೊತ್ತಿತ್ತು. ಆ ಪದವನ್ನು ಹೇಳಬೇಕಾದವಳು ನಾನೇ ಆಗಬೇಕೇ ದೇವರೇ ಎಂದುಕೊಂಡೆ. ಆಮೇಲೆ ಹೇಳಿದೆ. "ಟೈಮ್. ಹಿ ಈಸ್ ಆಸ್ಕಿಂಗ್ ಹೌ ಮಚ್ ಟೈಮ್."

ವರ್ಷಗಳ ಲೆಕ್ಕ ಬೇಡ, ಸ್ಕ್ಯಾನಿನಿಂದ ಸ್ಕ್ಯಾನಿಗೆ ನೋಡಿಕೊಂಡು ಹೋಗೋಣ ಎಂದಳು ಆಕೆ.

ನನಗೆ ಇವರು ಬೇಕು. ಇದನ್ನು ಎಲ್ಲೂ ಬರೆದಿರಲಿಲ್ಲ, ಬರೆದಿಡುತ್ತೇನೆ. ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕುಳಿತು ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ಹೊರಟೆ, ಸೇತುವೆಯ ಮೇಲೆ ಕಣ್ಣು ಮಂಜಾದರೆ ಆಗದು. ಮಧ್ಯಕ್ಕೆ ಬಂದಾಗ ನೀರು ನೋಡಿದೆ. ಸಂಜೆಯ ಬಿಸಿಲು ಬಿದ್ದಿತ್ತು, ಚೆನ್ನಾಗಿತ್ತು. ದೇವರಿಗೆ ವರದಿ ಒಪ್ಪಿಸಲಿಲ್ಲ, ಅವನೂ ಆ ಕೋಣೆಯಲ್ಲೇ ಇದ್ದನಲ್ಲ.

ಜನವರಿ 12, ಶುಕ್ರವಾರ

ಬೆಳಿಗ್ಗೆ ಫ್ಲಾವಿಯಾಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆ ಕಡೆಯಿಂದ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ನನಗೆ ಯಾರೂ ಏನೂ ತೋರಿಸಿರಲಿಲ್ಲ ಹಿಲ್ಡಾ ಎಂದರು. ತಮ್ಮ ತಾಯಿ ಹೋದದ್ದು ಇದೇ ಕಾಯಿಲೆಯಿಂದಂತೆ. ವಿನ್ಸೆಂಟ್‌ನ ಸುದ್ದಿ ಕೇಳಿದಂದಿನಿಂದ ಹೆದರಿಕೆಯಾಗಿ, ಬಾಯಿ ಬಿಟ್ಟು ಜೋರಾಗಿ ಹೇಳಿದರೆ ನಿಜವಾದೀತು ಎಂದು ಹೇಳುತ್ತಾ ಹೋದರಂತೆ. ಇಷ್ಟು ವರ್ಷ ನಾನು ಅವರ ಧೈರ್ಯವನ್ನು ಕಂಡು ಹೊಟ್ಟೆಕಿಚ್ಚುಪಟ್ಟದ್ದು ಸುಮ್ಮನೆ ದಂಡ.

"ನಾಳೆ ಜನರಿಗೆ ಯಾವ ಮುಖ ತೋರಿಸುದು? ನಾನು ಎಲ್ಲರಿಗೂ ಮೆಸೇಜ್ ಹಾಕಿ ಕ್ಯಾನ್ಸಲ್ ಮಾಡ್ತೇನೆ."

"ಕ್ಯಾನ್ಸಲ್ ಮಾಡ್ಬೇಡಿ ಅಕ್ಕ," ಎಂದೆ. "ಇವರು ನೀರುದೋಸೆ ಅಂತ ಒಂದು ತಿಂಗಳಿಂದ ಕಾಯ್ತಾ ಇದ್ದಾರೆ."

ಸಾಕ್ಷಿ ಯಾರು ಹೇಳುವುದು, ಏನೆಂದು ಹೇಳುವುದು ಎಂದು ಕೇಳಿದರು. ನಾನು ಹೇಳುತ್ತೇನೆ, ನೀವು ಮುಖ ತೊಳೆದುಕೊಂಡು ಚಾ ಕುಡಿಯಿರಿ ಎಂದೆ. ಅವರು ಸಮಾಧಾನವಾಗಿ ಫೋನ್ ಇಡುವಷ್ಟರಲ್ಲಿ ನನ್ನ ಚಾ ತಣ್ಣಗಾಗಿತ್ತು. ಏನು ಹೇಳಬೇಕೆಂದು ನನಗೂ ಗೊತ್ತಿಲ್ಲ.

ಜನವರಿ 14, ಭಾನುವಾರ

ನಿನ್ನೆ ಹಾಲ್ ತುಂಬಿತ್ತು. ಅಲಮೇಲುವೂ ಬಂದಿದ್ದರು, ತಮ್ಮ ಪುಳಿಯೋಗರೆಯ ಡಬ್ಬಿಯನ್ನು ಕೋಳಿ ಸುಕ್ಕದಿಂದ ಆದಷ್ಟು ದೂರ ಇಟ್ಟು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಫ್ಲಾವಿಯಾಕ್ಕನನ್ನು ಬಿಟ್ಟರೆ ವಿಷಯ ಯಾರಿಗೂ ತಿಳಿದಿರಲಿಲ್ಲ. ಎಲ್ಲರದೂ ಹಬ್ಬದ ಬಟ್ಟೆ. ಗೋಡೆಯ ಮೇಲೆ ಬಣ್ಣದ ಕಾಗದದಲ್ಲಿ ಸ್ತೋತ್ರ ಎಂದು ಕತ್ತರಿಸಿ ಅಂಟಿಸಿದ್ದರು. ಹಾಡು ಮುಗಿಯಿತು. ಫ್ಲಾವಿಯಾಕ್ಕ ಮೈಕನ್ನು ನನ್ನ ಕೈಗೆ ಕೊಟ್ಟು, ಹೋಗಿ ಇವರ ಪಕ್ಕ ಕುಳಿತರು.

ಬರೆದುಕೊಂಡು ಹೋಗಿರಲಿಲ್ಲ. ಹೇಳಿದ್ದು ಇಷ್ಟು ಎಂದು ನೆನಪು.

"ಸ್ಕ್ಯಾನ್ ಒಳ್ಳೆಯದು ಬರ್ಲಿಲ್ಲ. ಗಡ್ಡೆ ಬೆಳೆದಿದೆ. ಮುಂದಿನ ವಾರದಿಂದ ಬೇರೆ ಮದ್ದು. ರಿಸಲ್ಟ್ ಬರುವ ಮೊದಲೇ ಕೃತಜ್ಞತಾ ಕೂಟ ಇಟ್ಟದ್ದಕ್ಕೆ ನಾನು ಫ್ಲಾವಿಯಾಕ್ಕನಿಗೆ ಮನಸ್ಸಿನಲ್ಲಿ ಒಂದು ತಿಂಗಳು ಬೈದಿದ್ದೇನೆ. ಈಗ ಕಾಣ್ತದೆ, ಮೊದಲೇ ಇಟ್ಟದ್ದು ಒಳ್ಳೆಯದೇ ಆಯ್ತು. ರಿಸಲ್ಟ್ ಬಂದ ಮೇಲೆ ಆದ್ರೆ ಇಡ್ತಿರ್ಲಿಲ್ಲ. ಇಡದಿದ್ರೆ ಈ ನಾಲ್ಕು ತಿಂಗಳಿಗೆ ಸ್ತೋತ್ರ ಹೇಳುದೇ ಬಾಕಿ ಆಗ್ತಿತ್ತು. ಇವರು ನನ್ನ ಜೊತೆ ಇದ್ದಾರೆ. ದೇವರು ಕಾರಿನಲ್ಲಿ ಇದ್ದಾನೆ, ಆಸ್ಪತ್ರೆಯಲ್ಲಿಯೂ ಇದ್ದಾನೆ, ನಾನು ನೋಡಿದ್ದೇನೆ. ಗುಣ ಮಾಡ್ತಾನೋ ಇಲ್ವೋ ನನಗೆ ಗೊತ್ತಿಲ್ಲ, ಕೇಳುದು ಬಿಟ್ಟಿಲ್ಲ. ಅಷ್ಟೇ. ದೋಸೆ ತಣ್ಣಗಾಗ್ತದೆ."

ಯಾರೂ ಆಮೆನ್ ಎನ್ನಲಿಲ್ಲ. ಇಂಥ ಸಾಕ್ಷಿಗೆ ಆಮೆನ್ ಎನ್ನಬಹುದೋ ಇಲ್ಲವೋ ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಊಟದ ಪ್ರಾರ್ಥನೆಗೆ ಫ್ಲಾವಿಯಾಕ್ಕನನ್ನು ಕರೆದರೆ ಅವರು ಆಗುವುದಿಲ್ಲವೆಂದು ತಲೆಯಾಡಿಸಿದರು. ಇವರು ಎದ್ದು ನಿಂತರು. ಇಬ್ಬರೂ ಸೇರಿ ಮಾಡಿದೆವು, ಇವರಿಗೆ ಸಿಕ್ಕ ಪದಗಳು ಇವರದು, ಸಿಗದವು ನನ್ನವು. ಮುಗಿದಾಗ ಆಮೆನ್ ಎಂದವರು ತುಂಬ ಜನ. ಇವರು ಐದು ದೋಸೆ ತಿಂದರು.

ಆಮೇಲೆ ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದು, ನಿಮ್ಮ ವಿಶ್ವಾಸ ದೊಡ್ಡದು, ನಿಮ್ಮ ಧೈರ್ಯ ದೊಡ್ಡದು ಎಂದರು. ಏನು ಕಂಡರೋ! ಮೈಕನ್ನು ಸ್ಟೇರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ ಎಂದು ಅಲಮೇಲು ಹೇಳಿದರು. ವಿಶ್ವಾಸ ಇರುವವರು ಬೇರೆ ತರಹ ಇರುತ್ತಾರೆ. ನಾನು ಬರೀ ಸೇತುವೆ ದಾಟುವ ಹೆಂಗಸು.

ಪಾತ್ರೆ ತೊಳೆಯುವಾಗ ಫ್ಲಾವಿಯಾಕ್ಕನಿಗೆ ಹೇಳಿದೆ, ಮಾರ್ಚ್ ಎಂಟಕ್ಕೆ ಮುಂದಿನ ಸ್ಕ್ಯಾನ್, ಹತ್ತು ಶನಿವಾರ, ಆ ದಿನಕ್ಕೆ ಹಾಲ್ ಈಗಲೇ ಬುಕ್ ಮಾಡಿಬಿಡಿ ಎಂದು. ಅವರು ತೊಳೆಯುತ್ತಿದ್ದ ಬೋಗುಣಿಯನ್ನು ಸಿಂಕಿನಲ್ಲೇ ಬಿಟ್ಟು ನನ್ನ ಮುಖ ನೋಡಿದರು.

"ಎಂತಕ್ಕೆ?"

"ಕೃತಜ್ಞತಾ ಕೂಟಕ್ಕೆ."

"ರಿಸಲ್ಟ್ ಬರ್ಲಿ ಹಿಲ್ಡಾ, ಆಮೇಲೆ ನೋಡುವ," ಎಂದರು.

ಆಮೇಲೆ ಹಾಲ್ ಸಿಗುವುದಿಲ್ಲ ಎಂದೆ. ಮಾರ್ಚ್ ತಿಂಗಳಲ್ಲಿ ಆ ಅಪಾರ್ಟ್‌ಮೆಂಟಿನ ಮಕ್ಕಳ ಬರ್ತ್‌ಡೇಗಳು ಒಂದರ ಹಿಂದೊಂದು ಇರುತ್ತವೆ, ಶನಿವಾರಗಳು ಬೇಗ ಭರ್ತಿಯಾಗುತ್ತವೆ. ಅದಕ್ಕೇ ಹೇಳಿದ್ದು. ಬೇರೆ ಕಾರಣವೇನೂ ಇಲ್ಲ.